ಜೆರಾಕ್ಸ್ ಭಾಷಣದ ಜೊತೆ ಮೂರು ನಿಮಿಷ

ಶಾಲಾ ಸ್ಪರ್ಧೆಗಳ ಪ್ರತಿಭಾ ಕಾರಂಜಿ ಮತ್ತೆ ಚಿಮ್ಮುತ್ತಿದೆ. ಬೆಳಗಿನ ಆರಕ್ಕೇ ಪಕ್ಕದ ಮನೆಯ 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರು' ನನ್ನ ನಿದ್ದೆ ಕೆಡಿಸುತ್ತಿದ್ದಾರೆ. ತಡೆಯಲಾರದೆ ಆ ಭಾಷಣವನ್ನೇ ಹಿಡಿದು ಕೂರಿಸಿದೆ. ನಾಲ್ಕು ಮಡಿಕೆಯ ಜೆರಾಕ್ಸ್ ಹಾಳೆ. ವಿಷಯ, ಪರಿಸರ ಸಂರಕ್ಷಣೆ.

ನಿಮ್ಮ ವಯಸ್ಸು?

ಪೂಜ್ಯ ಗುರುಗಳೇ, ನಿರ್ಣಾಯಕರೇ, ಮತ್ತು ನನ್ನ ನೆಚ್ಚಿನ...

ಇಲ್ಲಿ ಇರೋದು ನಾನೊಬ್ಬನೇ.

ಕ್ಷಮಿಸಿ, ಅದಿಲ್ಲದೆ ಬಾಯೇ ಬರೋದಿಲ್ಲ. ಮೊದಲು ಅಕ್ಕ ಒಪ್ಪಿಸಿದಳು, ಆಮೇಲೆ ತಮ್ಮ, ಈಗ ಚಿಕ್ಕಪ್ಪನ ಮಗಳು. ಕ್ಲಸ್ಟರ್, ತಾಲ್ಲೂಕು ದಾಟಿ ಜಿಲ್ಲೆಯನ್ನೂ ನೋಡಿದ್ದೇನೆ. ಆಶುಭಾಷಣದಲ್ಲೂ ನಾನೇ. ಚೀಟಿಯಲ್ಲಿ 'ಮೊಬೈಲ್' ಬಂದರೆ, ಟವರಿನಿಂದ ಗುಬ್ಬಿಗೆ ತೊಂದರೆಯಂತೆ, ಗುಬ್ಬಿಗೆ ಮರ ಬೇಕು, ಅಲ್ಲಿಂದ ಮುಂದೆ ನಾನು.

ಬಹುಮಾನ?

ಪ್ಲಾಸ್ಟಿಕ್ ಟ್ರೇ.

ನೋಡಿದಿರಾ! ಮಾತಾಡಿ ಗೆದ್ದ ಮಗುವಿಗೆ ಪುಸ್ತಕ ಕೊಡಿ ಅಂತ ಎಷ್ಟು ವರ್ಷದಿಂದ ಬಡಕೊಳ್ತಿದ್ದೇನೆ. ನಮ್ಮ ಅಟ್ಟದಲ್ಲಿ ಇವತ್ತಿಗೂ ಏಳು ಸೋಪಿನ ಡಬ್ಬಿ...

ಸಂದರ್ಶನ ನನ್ನದು, ಸ್ವಾಮಿ.

ಸರಿ. ನಿಮ್ಮೊಳಗಿನ 'ಜೀವವೈವಿಧ್ಯ' ಮಕ್ಕಳಿಗೆ ಅರ್ಥ ಆಗುತ್ತಾ?

ಅದಿರಲಿ. ಆ ಜೆರಾಕ್ಸ್ ಅಂಗಡಿಯವನ ಕಥೆ ಕೇಳಿ. ಹಾಳೆಯನ್ನು ಸೊಟ್ಟಗಿಟ್ಟು ನನ್ನ ಬಲ ಅಂಚನ್ನೇ ನುಂಗಿದ. 'ಮನೆಗೊಂದು ಮರ, ಊರಿಗೊಂದು ವನ'ದಲ್ಲಿ ವನ ಹೋಯಿತು. ಹುಡುಗ 'ಊರಿಗೊಂದು, ಊರಿಗೊಂದು' ಎಂದು ಎರಡು ಸಲ ಕೈ ಎತ್ತಿ ಧನ್ಯವಾದ ಹೇಳಿ ಇಳಿದ. ಪ್ರಥಮ ಸ್ಥಾನ! ಏನು ಊರಿಗೊಂದು ಅಂತ ಯಾರೂ ಕೇಳಲಿಲ್ಲ.

ಬರೆದವರು ಯಾರು?

ಶಾಯಿ ಬೇರೆ ಕಡಿಮೆ ಅವನ ಮೆಷಿನ್ನಿನಲ್ಲಿ. 1972ರ ಸ್ಟಾಕ್‌ಹೋಮ್ ಸಮ್ಮೇಳನ ಓದಲಿಕ್ಕೇ ಬರೋದಿಲ್ಲ. ಸಾಲುಮರದ ತಿಮ್ಮಕ್ಕನ ಸಾಲನ್ನು ಮಾತ್ರ 2019ರಲ್ಲಿ ಪದ್ಮಶ್ರೀ ಬಂದಮೇಲೆ ಪೆನ್ನಿನಲ್ಲಿ ಸೇರಿಸಿದರು.

ಹುಲಿಕಲ್ಲಿನ ದಾರಿಯಲ್ಲಿ ಸಾಲು ಸಾಲು ಆಲ ಬೆಳೆಸಿದ ಆ ಅಜ್ಜಿ ಶಾಲೆಗೆ ಹೋದವರಲ್ಲ. ನಿಮ್ಮ ಸ್ಪರ್ಧೆಗೆ ನಿಂತಿದ್ದರೆ ಕ್ಲಸ್ಟರಿನಲ್ಲೇ ಹೊರಗೆ.

(ಹಾಳೆ ಸ್ವಲ್ಪ ಹೊತ್ತು ಸುಮ್ಮನಿತ್ತು.)

ಒಬ್ಬಳು ಹಾಗೇ ಹೋದಳು. 9ನೇ ತರಗತಿ. ಮೂರನೇ ಪ್ಯಾರಾದಲ್ಲಿ ನಾನು ಮರೆತುಹೋದೆ. ಅವಳ ಮುಷ್ಟಿಯೊಳಗೇ ಇದ್ದೆ, ಬೆವರಿಗೆ ಒದ್ದೆಯಾಗಿ. ಅವಳು ಬಿಚ್ಚಿ ನೋಡಲಿಲ್ಲ. 'ನಮ್ಮೂರ ಕೆರ್ಯಾಗ ನೀರಿಲ್ರಿ. ನಮ್ಮವ್ವ ನಸುಕಿನಾಗ ಕೊಡ ಹೊತ್ಕೊಂಡು ಹೊಲದ ಬೋರಿಗೆ ಹೋಗ್ತಾಳ್ರಿ. ನಾನೂ ಹೋಗ್ತೀನಿ, ಅದಕ್ಕ ಮೊದಲ್ನೇ ಪೀರಿಯಡ್ ತಪ್ಪತೈತ್ರಿ' ಅಂದಳು. ಹಿಂದಿನ ಬೆಂಚಿನ ಗಲಾಟೆ ನಿಂತಿತು. ನನ್ನನ್ನು ಒಪ್ಪಿಸುವಾಗ ಅದು ಒಮ್ಮೆಯೂ ನಿಂತಿದ್ದಿಲ್ಲ. ನಿರ್ಣಾಯಕರು ಬರೆದುಕೊಂಡರು: ವಿಷಯಾಂತರ, ಗ್ರಾಮ್ಯ ಭಾಷೆ. ಮೈಕಿನಲ್ಲೇ ಹೇಳಿದರು, 'ಮುಂದಿನ ಸಲ ಬಾಯಿಪಾಠ ಮಾಡ್ಕೊಂಡು ಬಾರವ್ವ.' ಎಲ್ಲರೂ ನಕ್ಕರು. ಯಾಕೆ ನಗಬೇಕು? ಆವತ್ತು ಆ ಕೋಣೆಯಲ್ಲಿ ಪರಿಸರದ ಬಗ್ಗೆ ಮಾತಾಡಿದವಳು ಅವಳೊಬ್ಬಳೇ. ಉಳಿದದ್ದೆಲ್ಲ ನಾನು!

ಅವಳಿಗೆ ಏನು ಕೊಟ್ಟರು?

ನಿಮಗೆ ಬರೀ ಅದೇ ಚಿಂತೆ. ಪ್ರಮಾಣಪತ್ರ ಕೊಟ್ಟರು, ಭಾಗವಹಿಸಿದ್ದಕ್ಕೆ. ಹೆಸರಿನ ಜಾಗ ಖಾಲಿ. ನೀನೇ ಬರ್ಕೋ ಅಂದರು.

ಅದೂ ಜೆರಾಕ್ಸ್.