ತಲೆಯಾಡಿಸುವವರು

ನನ್ನ ಮಾತಿಗೆ ತಲೆಯಾಡಿಸುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬರು ನನ್ನ ಮಾವು ಕೊಳ್ಳುವ ಮಂಡಿ ಸಾಹುಕಾರರು. ಇನ್ನೊಬ್ಬ ಆಂಧ್ರದ ಗಡಿಯ ನಮ್ಮೂರು ರಾಯಲ್ಪಾಡಿನ ತೋಟದಲ್ಲಿ, ಬೇನಿಷಾ ಮಾವಿನ ಮರದ ಮೇಲೆ ವಾಸವಾಗಿರುವ ಓತಿಕ್ಯಾತ. ಇಬ್ಬರಲ್ಲಿ ನಂಬಬಹುದಾದವರು ಯಾರೆಂದು ಕೇಳಿದರೆ ನನ್ನ ಮತ ಬಾಲವಿದ್ದವನಿಗೆ.

ಬೇಸಿಗೆಯ ಒಂದೆರಡು ಮಳೆ ಬಿದ್ದರೆ ಸಾಕು, ಇವನ ತಲೆ, ಕತ್ತು ಕೆಂಪೇರುತ್ತವೆ. ಕಾಂಡಕ್ಕೆ ಮುಂಗಾಲೂರಿ ಗರಡಿಮನೆಯ ಪೈಲ್ವಾನನಂತೆ ದಂಡ ಹೊಡೆಯುತ್ತಾನೆ, ತಲೆ ಕುಣಿಸುತ್ತಾನೆ. ಬೇರೆ ಗಂಡುಗಳಿಗೆ ಅದು ‘ಈ ಮರ ನಂದು, ಕೆಳಗಿಳಿ’ ಎಂಬ ನೋಟೀಸು. ಹೆಣ್ಣಿಗೆ ಮಾತ್ರ ಆಹ್ವಾನ. ಹೆಣ್ಣು ಇಷ್ಟಕ್ಕೆಲ್ಲ ಮರುಳಾಗಿ ಒಪ್ಪಿದ ಮೇಲೆ, ಮರದಿಂದಿಳಿದು ಮಣ್ಣು ಕೆದಕಿ ಮೊಟ್ಟೆಯಿಟ್ಟು ಮುಚ್ಚುವ ಕೆಲಸವೂ ಅವಳದೇ. ಅಷ್ಟು ಹೊತ್ತೂ ಪೈಲ್ವಾನರು ಮೇಲೆ ಕಸರತ್ತಿನಲ್ಲೇ ಇರುತ್ತಾರೆ.

ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗನಿಗೆ ಇವನು ಹಿಡಿಸಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿಕೊಂಡು ಬಂದಿದ್ದ. “ಹಾರುವ ಓತಿ ಎಲ್ಲಿ ಮಾವಾ?” ಎಂದ.

“ಅದು ಪಶ್ಚಿಮ ಘಟ್ಟದ್ದು ಕಣಪ್ಪಾ. ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತೆ. ನಮ್ಮ ಕೋಲಾರದಲ್ಲಿ ಅಂಥ ಮಳೆಯೂ ಇಲ್ಲ, ಕಾಡೂ ಇಲ್ಲ.”

“ಹಾಗಾದರೆ ಇಲ್ಲಿ ಹಾರೋದು ಏನೂ ಇಲ್ವಾ?”

“ಇತ್ತು. ತೋತಾಪುರಿ ಮಾವಿನ ದರ. ಅದೂ ಕೆಳಗಿಳಿದುಬಿಡ್ತು.”

ಅದು 2025ರ ಜೂನ್. ಕರ್ನಾಟಕದ ತೋತಾಪುರಿ ಆಂಧ್ರದ ಚಿತ್ತೂರು ಜಿಲ್ಲೆಗೆ ಬರಕೂಡದೆಂದು ಆದೇಶವಾಗಿತ್ತು. ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಅಲ್ಲೇ. ಬೆಳಿಗ್ಗೆ ನಾನು ಹೇಳಿದ ದರಕ್ಕೆ ತಲೆಯಾಡಿಸಿದ್ದ ಸಾಹುಕಾರರು ಸಂಜೆಗೆ, “ನಾನೆಲ್ಲಿ ಒಪ್ಪಿದೆ? ಕತ್ತು ನೋವಿತ್ತು” ಅಂದರು. ಪಕ್ಕದ ತೋಟದ ತಾತ ಬೀಡಿ ಆರಿಸಿ, “ತೊಂಡ ಮುದಿರಿ ಊಸರವೆಲ್ಲಿ ಅಯಿಂದಿ” ಎಂದು ತೆಲುಗಿನಲ್ಲೇ ತೀರ್ಪು ಕೊಟ್ಟ. ಓತಿಕ್ಯಾತ ಬಲಿತು ಗೋಸುಂಬೆಯಾಯಿತು ಅಂತ ಅದರರ್ಥ. ಗಡಿಯ ಊರಲ್ಲಿ ಬೈಗುಳಕ್ಕೆ ಯಾರ ಆದೇಶವೂ ಅಡ್ಡ ಬರುವುದಿಲ್ಲ.

ನನಗೆ ಮಾತ್ರ ಆ ಹೋಲಿಕೆಯಿಂದ ಓತಿಕ್ಯಾತನಿಗೆ ಅನ್ಯಾಯವಾಯಿತೆನ್ನಿಸಿತು. ಅವನ ಬಣ್ಣ ಬದಲಾಗುವುದು ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು. ಕೆಂಪಾದನೆಂದರೆ ಜಗಳಕ್ಕೋ ಮದುವೆಗೋ ಸಿದ್ಧನೆಂದೇ ಅರ್ಥ, ಕಮಿಷನ್ ಮುರಿದುಕೊಳ್ಳುವುದಿಲ್ಲ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ. ಬರುವ ವರ್ಷ ದರ ಮಾತಾಡಲು ಸಾಹುಕಾರರನ್ನು ಬೇಲಿ ಪಕ್ಕಕ್ಕೇ ಕರೆಯಬೇಕೆಂದಿದ್ದೇನೆ. ನನ್ನ ಕಡೆಗೂ ಒಂದು ಸಾಕ್ಷಿ ಇರಲಿ.