ಹಾಯಿದೋಣಿಗೆ ಬಯಲುಸೀಮೆಯ ಮಾವ

ಚಳ್ಳಕೆರೆ ಸೀಮೆಯವರು ಸಮುದ್ರದ ಬಗ್ಗೆ ಬಾಯಿ ಬಿಡಬಾರದು ಎಂದು ಕರಾವಳಿಯ ಸ್ನೇಹಿತರು ಆಗಾಗ ಕುಟುಕುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲ. ನೀರಿನ ಬಗ್ಗೆ ನಮ್ಮಷ್ಟು ಯೋಚಿಸಿದವರು ಈ ನಾಡಿನಲ್ಲಿ ಇನ್ನೊಬ್ಬರಿರಲಾರರು. ಯೋಚಿಸುವುದನ್ನು ಬಿಟ್ಟು ಬೇರೇನಾದರೂ ಮಾಡೋಣವೆಂದರೆ ನೀರೇ ಇರಲಿಲ್ಲ, ಅಷ್ಟೆ. 1907ರಲ್ಲಿ ಕಟ್ಟಿ ಮುಗಿಸಿದ ಪಕ್ಕದ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಇವತ್ತು ಬಿದ್ದೀತು, ನಾಳೆ ಬಿದ್ದೀತು ಎಂದು ಕಾದು ಕೂತ ಜನಕ್ಕೆ ಸಮುದ್ರದ ವಿಚಾರದಲ್ಲಿ ನಾಲ್ಕು ಮಾತಾಡುವ ಅಧಿಕಾರವಿದೆ.

ಈ ಅಧಿಕಾರವನ್ನು ನಾನು ಚಲಾಯಿಸಬೇಕಾಗಿ ಬಂದದ್ದು ಅಕ್ಕನ ಮಗನಿಂದ. ಉಳ್ಳಾರ್ತಿ ಕಾವಲಿನಲ್ಲಿ ಕುರಿ ಮಂದೆಯ ಹಿಂದೆ ಅಲೆದು ಬೆಳೆದ ಹುಡುಗ. ಓದಿ ಆಸ್ಟ್ರೇಲಿಯಾಕ್ಕೆ ಹೋದ, ಕೆಲಸ ಹಿಡಿದ, ಸಂಬಳ ಎಣಿಸಿದ. ಮನೆ ಕೊಳ್ಳುತ್ತಾನೆ ಎಂದು ನಾವೆಲ್ಲ ಕಾಯುತ್ತಿರುವಾಗ 34 ಅಡಿಯ ಹಳೇ ಹಾಯಿದೋಣಿ ಕೊಂಡ. ಸುದ್ದಿ ತಿಳಿದ ದಿನ ಅಕ್ಕ ಊಟ ಬಿಟ್ಟಳು. "ಗಾಳಿ ಬೇಕಿದ್ರೆ ಇಲ್ಲೇ ಇರಬೋದಾಗಿತ್ತಲ್ಲೋ, ನಮ್ಮ ಗುಡ್ಡದ ಮ್ಯಾಲೆ ಫ್ಯಾನೇ ನೆಟ್ಟವ್ರೆ" ಎಂದು ಅತ್ತಳು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ಅವಳು ಫ್ಯಾನ್ ಎಂದೇ ಕರೆಯುವುದು. ಅವುಗಳಿಂದಲೇ ಗಾಳಿ ಬರುತ್ತದೆ ಎಂಬುದು ಅವಳ ನಂಬಿಕೆ.

ದೋಣಿ ಕೊಂಡವನು ಸುಮ್ಮನಿರಬೇಕಲ್ಲ. ಅದಕ್ಕೆ ಉಪಗ್ರಹ ಸಂಪರ್ಕದ ಸಲಕರಣೆ ಜೋಡಿಸಲು ಹೊರಟ. ಸಲಹೆಗಾರನನ್ನಾಗಿ ನನ್ನನ್ನು ಆರಿಸಿಕೊಂಡ. "ನಂಗೇನು ಗೊತ್ತೋ ಅಳಿಯ?" ಎಂದರೆ, "ಮಾವ, ಇಸ್ರೋದೋರು ಜಾಗ ತಗಂಡಿರೋದು ನಿಮ್ಮ ಕಾವಲಲ್ಲೇ ಅಲ್ವಾ?" ಎಂದ. ತರ್ಕವೇನೋ ಚೆನ್ನಾಗಿದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು ಈಗ ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. ಇಸ್ರೋ, ಬಾರ್ಕ್, ಡಿಆರ್‌ಡಿಒ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎಲ್ಲರಿಗೂ ಚಳ್ಳಕೆರೆಯ ಸುತ್ತ ಎಕರೆಗಟ್ಟಲೆ ನೆಲವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟ ಇಸ್ರೋದ ರೆಕ್ಕೆಯ ವಾಹನ, ಪೈಲಟ್ಟಿಲ್ಲದೆ ತಾನೇ ದಾರಿ ಹುಡುಕಿಕೊಂಡು ಇಲ್ಲಿನ ಡಿಆರ್‌ಡಿಒ ರನ್‌ವೇ ಮೇಲೆ ಇಳಿಯಿತು. ನಮ್ಮೂರಿನ ಆಕಾಶದಲ್ಲಿ ನಡೆದದ್ದನ್ನು ನಾವು ನೋಡಿದ್ದು ಟಿವಿಯಲ್ಲಿ. ಬಾಹ್ಯಾಕಾಶ ಆ ಸಂಸ್ಥೆಗಳ ಗೋಡೆಯ ಆಚೆ ಇದೆ. ಈಚೆ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಪಕ್ಕ, ಮುಖ ಪೂರ್ವಕ್ಕೆ ಮಾಡಿ ನಿಲ್ಲಬೇಕು. ಅಳಿಯನ ವಾಯ್ಸ್ ಮೆಸೇಜುಗಳನ್ನು ನಾನು ಕೇಳಿಸಿಕೊಂಡದ್ದು ಆ ಭಂಗಿಯಲ್ಲೇ. ಪಕ್ಕದ ಮನೆಯವರು ಸೂರ್ಯನಮಸ್ಕಾರ ಎಂದುಕೊಂಡು ಗೌರವ ಹೆಚ್ಚಿಸಿದ್ದಾರೆ.

ಉಪಗ್ರಹಗಳಲ್ಲೂ ಜಾತಿಗಳಿವೆ ಎಂದು ತಿಳಿದದ್ದು ಆ ಟ್ಯಾಂಕಿನ ಪಕ್ಕದಲ್ಲಿ. ಒಂದು ಜಾತಿಯವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಿರುತ್ತವೆ. ನಮ್ಮ ಟಿವಿ ಡಿಶ್ ನೋಡುವುದು ಇಂಥದ್ದನ್ನು. ಇನ್‌ಮಾರ್ಸ್ಯಾಟ್ ಕಂಪನಿಯವೂ ಇದೇ ಪೈಕಿ. ಮನೆ ಅಲ್ಲಾಡುವುದಿಲ್ಲವಾದ್ದರಿಂದ ಡಿಶ್ ತಿರುಗಿಸಿ ಬೋಲ್ಟ್ ಬಿಗಿದರೆ ಮುಗಿಯಿತು. ದೋಣಿಯ ಡಿಶ್ಶನ್ನು ಮಾತ್ರ ಗುಮ್ಮಟದೊಳಗೆ ಕೂರಿಸಿ, ದೋಣಿ ಎಡಕ್ಕೆ ವಾಲಿದರೆ ಅದು ಬಲಕ್ಕೆ ಹೊರಳುವಂತೆ ಮೋಟಾರು ಇಡಬೇಕು. ಸಣ್ಣ ದೋಣಿಗೆ ಅದರ ಭಾರವೂ ಕಷ್ಟ, ಬಿಲ್ಲೂ ಕಷ್ಟ. ಇನ್ನೊಂದು ಜಾತಿ ಇರಿಡಿಯಂನದು: ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ 66 ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಓಡುತ್ತಿರುತ್ತವೆ. ಸರದಿಯ ಮೇಲೆ ಮಂದೆ ಕಾಯುವ ಕುರಿಗಾಹಿಗಳಂತೆ ಒಂದು ಮರೆಯಾಗುವ ಮುಂಚೆ ಇನ್ನೊಂದು ವಹಿಸಿಕೊಳ್ಳುತ್ತದೆ. ಆಂಟೆನಾ ಅಂಗೈಯಗಲ ಸಾಕು. ಆದರೆ ಅದರ ಹಳೆಯ ಸಾಧನಗಳಲ್ಲಿ ವೇಗ ಸೆಕೆಂಡಿಗೆ 2.4 ಕಿಲೋಬಿಟ್. ನಾಲ್ಕು ಸಾಲಿನ ಸಂದೇಶ ಹೋಗುತ್ತದೆ, ಹವಾಮಾನದ ಪುಟ್ಟ ಕಡತ ಬರುತ್ತದೆ, ಮದುವೆ ಆಲ್ಬಮ್ ಕಳಿಸುವವರು ಕೂತು ಜಪಮಾಲೆ ಎಣಿಸಬಹುದು. ಮೂರನೆಯದು ಸ್ಟಾರ್‌ಲಿಂಕ್. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಉಪಗ್ರಹಗಳು, ಚಪ್ಪಟೆ ಡಿಶ್, ನಡುಸಮುದ್ರದಲ್ಲಿ ಕೂತು ಕನ್ನಡ ಧಾರಾವಾಹಿ ನೋಡುವಷ್ಟು ವೇಗ. ಈ ಕೊನೆಯ ಅನುಕೂಲ ಕೇಳಿ ಅಕ್ಕನಿಗೆ ಮೊದಲ ಬಾರಿ ದೋಣಿಯ ಮೇಲೆ ಸ್ವಲ್ಪ ಮನಸ್ಸಾಯಿತು.

ಸ್ಟಾರ್‌ಲಿಂಕ್ ಜೋಡಿಸಿದ ಮೇಲೆ ಬ್ಯಾಟರಿಯ ಕಥೆ ಶುರುವಾಯಿತು. ಡಿಶ್ 60 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ಹಗಲೂ ರಾತ್ರಿ ಹಚ್ಚಿಟ್ಟರೆ 12 ವೋಲ್ಟಿನ ಬ್ಯಾಟರಿಯಿಂದ ದಿನಕ್ಕೆ 120 ಆಂಪಿಯರ್ ಅವರ್ ಹೋಗುತ್ತದೆ. ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಇರುವುದೇ 150ರದು. ಸೋಲಾರ್ ಫಲಕ ಹೆಚ್ಚಿಸುವುದೋ, ಲಿಥಿಯಂ ಬ್ಯಾಟರಿ ಹಾಕಿಸುವುದೋ ಎಂದು ಅಳಿಯ ಚಿಂತಾಕ್ರಾಂತನಾಗಿದ್ದಾಗ, ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಹೆಂಡತಿ, "ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಚ್ಚಿ ಆರಿಸ್ಲಿ. ಇಪ್ಪತ್ನಾಲ್ಕು ಗಂಟೆ ಯಾರ ಜೊತೆ ಮಾತಾಡೋದೈತೆ?" ಎಂದಳು. ದೂರ ಯಾನದ ಅನುಭವಿಗಳೂ ಮಾಡುವುದು ಇದನ್ನೇ ಎಂದು ಆಮೇಲೆ ತಿಳಿಯಿತು. ಅವಳು ಹೇಳಿದ್ದು ಕರೆಂಟಿನ ವಿಷಯವಾಗಿ ಅಲ್ಲ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

ನನ್ನ ಪಾಲಿನ ಕೊಡುಗೆಯೂ ಇದೆ. ಆಂಟೆನಾ ಎಲ್ಲಿ ಕೂರಿಸಬೇಕು ಎಂಬುದು ಸಲಕರಣೆಯ ಜೊತೆ ಬರುವ ಪುಸ್ತಕದಲ್ಲೇ ಇದೆ: ಆಕಾಶ ಸುತ್ತಲೂ ತೆರೆದಿರಬೇಕು, ಕೂವೆಮರ ಅಡ್ಡ ಬರಬಾರದು, ರಾಡಾರಿನ ಕಿರಣ ತಾಕಬಾರದು, ದಿಕ್ಸೂಚಿಯ ಹತ್ತಿರ ತಂತಿ ಸುಳಿಯಬಾರದು. ಹೀಗೆಲ್ಲ ನೋಡಿದರೆ ಉಳಿಯುವುದು ಹಿಂಭಾಗದ ಕಂಬಿ. ಅಳಿಯ ಅಲ್ಲೇ ಕೂರಿಸಿದ. ಮಳೆ ಬಂತು, ಸಂಪರ್ಕ ಹೋಯಿತು. ಕೇಬಲ್ ಜಾಯಿಂಟಿಗೆ ಉಪ್ಪುನೀರು ಇಳಿದು ತಾಮ್ರ ಹಸಿರಾಗಿತ್ತು. ಆಗ ನಾನು ಗಂಟಲು ಸರಿಮಾಡಿಕೊಂಡೆ. ಸಾವಿರ ಅಡಿ ಬೋರು ಕೊರೆಸಿ, ಮೋಟಾರಿನ ಕೇಬಲ್ಲಿಗೆ ನೀರೊಳಗೆ ವರ್ಷಗಟ್ಟಲೆ ತಡೆಯುವ ಜಾಯಿಂಟ್ ಹಾಕುವ ಸೀಮೆ ನಮ್ಮದು. ತಂತಿ ಒರೆಸಿ ಒಣಗಿಸು, ಒಂದೊಂದು ಎಳೆಗೂ ಬೇರೆ ಬೇರೆ ಜಾಗದಲ್ಲಿ ಜಾಯಿಂಟ್ ಹಾಕು, ರಬ್ಬರ್ ಟೇಪನ್ನು ಎಳೆದೆಳೆದು ಸುತ್ತು, ಅದರ ಮೇಲೆ ಇನ್ನೊಂದು ಟೇಪ್ ಸುತ್ತು, ಕೇಬಲ್ ಒಳಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಬಾಗಿಸು, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಅಳಿಯ ಹಾಗೇ ಮಾಡಿದ. ಶಾಂತಸಾಗರದ ಅಂಚಿನಲ್ಲಿ ಈಗ ಒಂದು ಅಪ್ಪಟ ಚಳ್ಳಕೆರೆ ಜಾಯಿಂಟ್ ತೇಲುತ್ತಿದೆ.

ಇದೇ ಉತ್ಸಾಹದಲ್ಲಿ, "ಮಾವ, ಮಂಗಳೂರಿಗೇ ದೋಣೀಲಿ ಬಂದ್ಬಿಡ್ತೀನಿ" ಎಂದ. ಇಲ್ಲಿ ನಾನು ಕಟ್ಟುನಿಟ್ಟಾದೆ. 2008ರ ಮುಂಬೈ ದಾಳಿಕೋರರ ಬಳಿ ಉಪಗ್ರಹ ಫೋನ್ ಇತ್ತು. ನಮ್ಮ ದೇಶದಲ್ಲಿ ಇರಿಡಿಯಂ, ತುರಾಯಾ ಫೋನನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ ಕೇಸು ಬೀಳುತ್ತದೆ. ಬಿಎಸ್‌ಎನ್‌ಎಲ್ ಮೂಲಕ ಕೊಡುವ ಇನ್‌ಮಾರ್ಸ್ಯಾಟ್ ಫೋನಿಗೂ ಪರವಾನಗಿಯ ದಾರಿಯೇ ಬೇರೆ. ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಲೈಸೆನ್ಸ್ ಸಿಕ್ಕಿದ್ದೇ 2025ರ ಜೂನ್‌ನಲ್ಲಿ. ಸಾವಿರಾರು ಮೈಲಿ ಅಲೆಯ ಮೇಲೆ ಕಾಪಾಡಿಕೊಂಡು ಬಂದ ಯಂತ್ರ, ದಡ ಮುಟ್ಟಿದ ಮೇಲೆ ಯಜಮಾನನನ್ನು ಠಾಣೆಗೆ ಕರೆದೊಯ್ಯಬಹುದು. "ವಿಮಾನದಲ್ಲಿ ಬಾರಪ್ಪ, ಬೆಂಗಳೂರಿಂದ ಬಸ್ಸೈತೆ" ಎಂದೆ.

ಇಷ್ಟೆಲ್ಲ ಆದ ಮೇಲೆ ಅವನು ಕೊಂಡದ್ದು ಒಂದು ಸಣ್ಣ ಹಳದಿ ಡಬ್ಬಿ. ಮಾತಾಡುವುದಿಲ್ಲ, ಸಿನಿಮಾ ತೋರಿಸುವುದಿಲ್ಲ. ದೋಣಿ ಮುಳುಗುವಂತಾದಾಗ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಎರಡು ದಿನ ಕೂಗುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಾಸ್ಪಾಸ್-ಸಾರ್ಸ್ಯಾಟ್ ಎಂಬ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 1982ರಲ್ಲಿ. ಶೀತಲ ಸಮರದ ನಡುವೆಯೂ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಜೊತೆ ಸೇರಿ ಇದನ್ನು ಕಟ್ಟಿದವು. ಭಾರತದ ಕಡೆಯ ಕಿವಿ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿ. ಆಸ್ಟ್ರೇಲಿಯಾದ್ದು ಕ್ಯಾನ್‌ಬೆರಾದಲ್ಲಿ. ಎರಡೂ ಊರಿಗೆ ಸಮುದ್ರ ಕಾಣುವುದಿಲ್ಲ! 2018ರ ಸೆಪ್ಟೆಂಬರ್ 21ರಂದು ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ತುರ್ತು ಸಾಧನ ಬಿಟ್ಟರೆ 1968ರ ಕಾಲದ ಸಲಕರಣೆಗಳಿಂದಲೇ ಒಬ್ಬನೇ ಭೂಮಿ ಸುತ್ತಬೇಕೆಂಬ ಆ ಸ್ಪರ್ಧೆಯಲ್ಲಿ, ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಮಗುಚಿ ಕೂವೆಮರ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗದೆ ಬಿದ್ದಿದ್ದ ಅವರು ಉಪಗ್ರಹದ ಮೂಲಕ ಕಳಿಸಿದ ಪುಟ್ಟ ಸಂದೇಶಗಳು ಹೊರಗೆ ಬಂದವು. ಶೋಧದ ಹೊಣೆ ಹೊತ್ತದ್ದು ಕ್ಯಾನ್‌ಬೆರಾ. 24ರಂದು ಫ್ರೆಂಚ್ ಹಡಗು ಒಸಿರಿಸ್ ಅವರನ್ನು ಎತ್ತಿಕೊಂಡಿತು. ಮುಂದಿನ ಸ್ಪರ್ಧೆಗೆ ಮತ್ತೆ ಹೋಗಿ, 2023ರಲ್ಲಿ ಅವರು ಎರಡನೆಯವರಾಗಿ ಮುಗಿಸಿದರು. ಸಮುದ್ರ ಕಾಯಲು ಸಮುದ್ರದ ದಡದಲ್ಲೇ ಇರಬೇಕೆಂದಿಲ್ಲ ಎಂಬ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ವಾದ ನನ್ನ ತಲೆಗೇ ಬಂತು. ಆ ಹಳದಿ ಡಬ್ಬಿಯನ್ನು ನೋಂದಾಯಿಸುವಾಗ ದಡದ ಮೇಲಿನ ಬಂಧುಗಳ ನಂಬರ್ ಕೊಡಬೇಕು. ಡಬ್ಬಿ ಕೂಗಿದರೆ ರಕ್ಷಣಾ ಕೇಂದ್ರದವರು ಆ ನಂಬರಿಗೂ ಫೋನ್ ಮಾಡುತ್ತಾರೆ, ಏಕೆಂದರೆ ಬರುವ ಕೂಗುಗಳಲ್ಲಿ ಬಹುಪಾಲು ಕೈತಪ್ಪಿ ಒತ್ತಿದವು. ದೋಣಿ ನಿಜವಾಗಿ ನೀರಿನಲ್ಲಿದೆಯೇ, ಎಷ್ಟು ಜನ ಇದ್ದಾರೆ, ಯಾವ ಬಣ್ಣ, ಎಲ್ಲಿಗೆ ಹೊರಟಿತ್ತು ಎಂದು ಕೇಳುತ್ತಾರೆ. ಅಳಿಯ ಅಲ್ಲಿ ತನ್ನ ಗೆಳೆಯನ ಹೆಸರಿನ ಕೆಳಗೆ ನನ್ನ ಹೆಸರು ಬರೆದ. ಅಂದರೆ ಬಾಹ್ಯಾಕಾಶದಿಂದ ಇಳಿದು, ಖಂಡ ದಾಟಿ, ಕ್ಯಾನ್‌ಬೆರಾ ಮುಟ್ಟಿದ ಕೂಗು ಕೊನೆಗೆ ಬಂದು ಕಾಯಬೇಕಾದದ್ದು ನನ್ನ ನೀರಿನ ಟ್ಯಾಂಕಿನ ಪಕ್ಕ!

ಸಿಗ್ನಲ್ ಸಿಕ್ಕಿತೆಂದೇ ಇಟ್ಟುಕೊಳ್ಳಿ. ವಿದೇಶದ ಅಪರಿಚಿತ ನಂಬರ್ ಎತ್ತಬೇಡಿ ಎಂದು ನಮಗೆ ಕಲಿಸಿದ್ದಾರೆ. ಯಾರಿಗೆ ಫೋನ್ ಮಾಡಿದರೂ ರಿಂಗಾಗುವ ಮುಂಚೆ ಸೈಬರ್ ಕಳ್ಳರ ಎಚ್ಚರಿಕೆ ಕೇಳಿಸುತ್ತಿದ್ದ ಕಾಲವನ್ನು ದಾಟಿ ಬಂದವರು ನಾವು. ಅಂಥವರಿಗೆ ಯಾರೋ ಇಂಗ್ಲಿಷಿನಲ್ಲಿ, "ನಿಮ್ಮ ಸಂಬಂಧಿ ಅಪಾಯದಲ್ಲಿದ್ದಾರೆ, ವಿವರ ಕೊಡಿ" ಎಂದರೆ ಏನಾಗುತ್ತದೆ? ನಾನು ಕಟ್ ಮಾಡುತ್ತೇನೆ, ಅಕ್ಕ ಪೊಲೀಸರಿಗೆ ದೂರು ಕೊಡುತ್ತಾಳೆ. ಅದಕ್ಕಾಗಿ ಮನೆಯಲ್ಲಿ ವ್ಯವಸ್ಥೆಯಾಗಿದೆ. ಕ್ಯಾನ್‌ಬೆರಾ ಕೇಂದ್ರದ ನಂಬರನ್ನು ಹೆಸರು ಹಾಕಿ ಉಳಿಸಿಕೊಂಡಿದ್ದೇನೆ. ಕ್ಯಾನ್‌ಬೆರಾ ಎಂದರೆ ಯಾರು ಎಂಬ ಹೆಂಡತಿಯ ಪ್ರಶ್ನೆಗೆ ಭೂಪಟ ತೋರಿಸಿ ಉತ್ತರ ಕೊಟ್ಟದ್ದಾಗಿದೆ. ದೋಣಿಯ ಬಣ್ಣ, ಉದ್ದ, ಜನ, ದಾರಿ ಎಲ್ಲವನ್ನೂ ಬರೆದ ಹಾಳೆ ಕ್ಯಾಲೆಂಡರಿನ ಪಕ್ಕ ನೇತಾಡುತ್ತಿದೆ. ಅಕ್ಕನ ಫೋನಿನಲ್ಲಿ ದೋಣಿ ಎಲ್ಲಿದೆ ಎಂದು ತೋರಿಸುವ ಚುಕ್ಕಿ ಇದೆ. ಚುಕ್ಕಿ ನಿಂತರೆ ಅವಳ ಉಸಿರು ನಿಲ್ಲುತ್ತದೆ. ಗಾಳಿ ಬಿದ್ದಿದೆ ಅಷ್ಟೆ ಎಂದು ಹೇಳಿದರೆ, "ನಮ್ಮ ಫ್ಯಾನ್ ಒಂದು ಕಳಿಸಬಾರದಾ?" ಎನ್ನುತ್ತಾಳೆ.

ನಗುವ ವಿಷಯವಲ್ಲದ ಒಂದು ಮಾತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಸಂಪರ್ಕ ಕಳೆದುಕೊಂಡಿತು. ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಾಲ್ವಣದ ಆಚೆಯ ಸಮುದ್ರತಳದಲ್ಲಿ. ಆ ತಿಂಗಳುಗಳಲ್ಲಿ ಏಳು ಮನೆಗಳು ಹೇಗೆ ಕಾದವು ಎಂಬುದನ್ನು ಲೆಕ್ಕ ಹಾಕಲಾಗದು. ಇಸ್ರೋ ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಸಾಗಿಸುವ ಸಾಧನವನ್ನು ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಅಳವಡಿಸುವ ಯೋಜನೆ 2024ರಲ್ಲಿ ಚಾಲನೆ ಪಡೆದಿದೆ. ಶೋಕಿಯ ಹಾಯಿದೋಣಿಗಿಂತ ಮೊದಲು ಅದು ಸಿಗಬೇಕಾದದ್ದು ಹೊಟ್ಟೆಪಾಡಿನ ಬೋಟಿಗೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಯಾವುದೋ ಅರ್ಜಿಯಲ್ಲಿ, ಯಾವುದೋ ಡಬ್ಬಿಯ ನೋಂದಣಿಯಲ್ಲಿ ಯಾರೋ ನಿಮ್ಮ ನಂಬರ್ ಬರೆದಿರಬಹುದು. ಇವತ್ತೇ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಹಳೇ ಸಿಮ್ಮಿನ ನಂಬರಾದರೆ ಬದಲಾಯಿಸಿ. ಫೋನಿಗೆ ಚಾರ್ಜ್ ಇರಲಿ. ಉಪಗ್ರಹಗಳನ್ನು ಹಾರಿಸುವ ಕೆಲಸವನ್ನು ಬೇರೆಯವರು ಮಾಡಿದ್ದಾರೆ, ಫೋನ್ ಎತ್ತುವುದೊಂದು ನಮಗೆ ಬಿಟ್ಟಿದ್ದಾರೆ.