ಹಗುರ ಸೈಕಲ್ಲಿನ ಭಾರೀ ಶಾಸ್ತ್ರ

ಬೆಂಗಳೂರಿನ ಉದ್ಯೋಗಸ್ಥ ಸೈಕಲ್ ಪ್ರಿಯರು ವಾರವಿಡೀ ಕಚೇರಿಗೆ ಕಾರಿನಲ್ಲಿ ಹೋಗಿ, ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಕಡೆಗೆ ಪೆಡಲ್ ತುಳಿಯುವ ವಿಶಿಷ್ಟ ಸಮುದಾಯವಾಗಿದ್ದು, 1,478 ಮೀಟರ್ ಎತ್ತರದ ಆ ಬೆಟ್ಟವು ಅವರಿಗೆ ಯಾತ್ರಾಸ್ಥಳವೂ ಪರೀಕ್ಷಾಕೇಂದ್ರವೂ ಆಗಿದೆ. ಈ ಪಂಥದ ಮೂಲತತ್ತ್ವವು ಲಾಘವ, ಅಂದರೆ ಸೈಕಲ್ಲಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಇಳಿಸುವ ಸಾಧನೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧೆಯ ಸೈಕಲ್ 6.8 ಕಿಲೋಗ್ರಾಂಗಿಂತ ಹಗುರವಾಗಿರಬಾರದೆಂದು ವಿಧಿಸಿದ್ದರೂ, ಯಾವ ಸ್ಪರ್ಧೆಗೂ ಹೆಸರು ಕೊಡದ ಸಾಧಕನು ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ಮಾಡಿದ ಕಾರ್ಬನ್ ಫ್ರೇಮಿಗೆ ಲಕ್ಷಗಟ್ಟಲೆ ಸುರಿದು ಒಂದು ಕಿಲೋ ಉಳಿಸುತ್ತಾನೆ. ಬೆಟ್ಟ ಇಳಿದ ಮೇಲೆ ಬೆಣ್ಣೆ ಹಾಕಿದ ಮಸಾಲೆದೋಸೆಗಳ ಮೂಲಕ ಅದನ್ನು ಸ್ವಂತ ದೇಹದಲ್ಲಿ ಮರಳಿ ಗಳಿಸುತ್ತಾನೆ.

ಉಪಕರಣಗಳಲ್ಲಿ ಪ್ರಧಾನವಾದುದು ಕ್ಲೀಟ್, ಎಂದರೆ ಬೂಟಿನ ಅಡಿಯನ್ನು ಪೆಡಲಿಗೆ ಕಚ್ಚಿಸುವ ಕೊಂಡಿ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರಷ್ಟೇ ಇದು ಬಿಡುವುದರಿಂದ, ಹೊಸ ದೀಕ್ಷಿತರು ಹೆಬ್ಬಾಳದ ಕೆಂಪುದೀಪದಲ್ಲಿ ನಿಂತಲ್ಲೇ ಪಕ್ಕಕ್ಕೆ ಒರಗಿ, ಆಟೋ ಚಾಲಕರ ಸಹಾನುಭೂತಿಗೆ ಪಾತ್ರರಾಗುವುದುಂಟು. ಪಂಥದ ಉಗ್ರ ಶಾಖೆಯವರು ಬ್ರೆವೆ ಎಂಬ ದೂರಸವಾರಿಯಲ್ಲಿ 200 ಕಿಲೋಮೀಟರುಗಳನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಬೇಕಾಗಿದ್ದು, ಅಲ್ಲಿ ಮೊದಲ ಸ್ಥಾನವೂ ಇಲ್ಲ, ನಗದು ಬಹುಮಾನವೂ ಇಲ್ಲ. ಸೋಮವಾರ ಕಚೇರಿಯ ಮೆಟ್ಟಿಲು ಹತ್ತುವಾಗಿನ ಕಾಲುನೋವು ಮಾತ್ರ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗುತ್ತದೆ.

ಹೊಂದಿರಬೇಕಾದ ಸೈಕಲ್ಲುಗಳ ಸಂಖ್ಯೆಯು ಈಗಿರುವುದಕ್ಕಿಂತ ಒಂದು ಹೆಚ್ಚು ಎಂಬ ಸೂತ್ರ ಈ ವಲಯದಲ್ಲಿ ಸರ್ವಮಾನ್ಯವಾಗಿದ್ದು, ಬೆಲೆಯನ್ನು ಮನೆಯಲ್ಲಿ ತಿಳಿಸುವಾಗ ಕೊನೆಯ ಒಂದು ಸೊನ್ನೆಯನ್ನು ಕೈಬಿಡತಕ್ಕದ್ದು ಎಂಬುದು ಅದರ ಉಪಸೂತ್ರವಾಗಿದೆ.